ನಾಗಸಾಕಿಯ ಇಂಗ್ಲಿಷ್ ಮೇಡಂ

ಕರಿಹಲಗೆಯ ಮೇಲೆ ಚುಕ್ಕಿ ಇಡುತ್ತಿದ್ದವರು ತಿಪಟೂರಿನ ಹೆಣ್ಣುಮಗಳು. ಒಂದು, ಮೂರು, ಐದು, ಮತ್ತೆ ಮೂರು, ಒಂದು. ನಮ್ಮ ಮನೆ ಬಾಗಿಲ ರಂಗೋಲಿಯ ಲೆಕ್ಕ. ಎದುರಿಗೆ ಕುಳಿತಿದ್ದು ಜಪಾನಿನ ನಾಗಸಾಕಿಯ ಪ್ರಾಥಮಿಕ ಶಾಲೆಯೊಂದರ ನಾಲ್ಕನೇ ತರಗತಿಯ ಮಕ್ಕಳು. ‘ಹೌ ಮೆನಿ?’ ಎಂದು ಮೇಡಂ ಕೇಳಿದ್ದೇ ತಡ, ಮಕ್ಕಳು ಬೆರಳು ಮಡಚಿ ಎಣಿಸಿ ಒಟ್ಟಿಗೆ ಕೂಗಿದವು: ‘ಸಾಟೀನ್!’

ಉತ್ತರ ಸರಿ, ಉಚ್ಚಾರ ತಪ್ಪು. ಥರ್ಟೀನ್‌ನ ಮೊದಲ ಸದ್ದು ಜಪಾನೀ ಬಾಯಿಗೆ ಒಗ್ಗುವುದಿಲ್ಲ. ಮೇಡಂ ತಿದ್ದಿದ ರೀತಿ ನೋಡಿ. ಪ್ರತಿ ಬೆಂಚಿಗೂ ಒಂದೊಂದು ಪುಟ್ಟ ಕನ್ನಡಿ ಕೊಟ್ಟರು. ನಾಲಿಗೆಯ ತುದಿ ಹಲ್ಲುಗಳ ನಡುವೆ ಇಣುಕಬೇಕು, ಕನ್ನಡಿಯಲ್ಲಿ ಕಾಣಬೇಕು, ಆಮೇಲೆ ಗಾಳಿ ಬಿಡಬೇಕು. ನಂತರ ಜಪಾನೀ ಭಾಷೆಯಲ್ಲಿ ಮಕ್ಕಳಿಗೆ ಏನೋ ಹೇಳಿದರು. ತರಗತಿಯೆಲ್ಲ ನಕ್ಕಿತು. ಏನೆಂದಿರಿ ಎಂದು ಆಮೇಲೆ ಕೇಳಿದೆ. ‘ನಾನೂ ನಿಮ್ಮಷ್ಟು ದೊಡ್ಡವಳಿದ್ದಾಗ ತರ್ಟೀನ್ ಅಂತಿದ್ದೆ, ನಮ್ಮೂರಲ್ಲಿ ಈಗಲೂ ಹಾಗೇ ಅಂತಾರೆ ಅಂದೆ ಅಕ್ಕ. ಅದು ಕೇಳಿದ ಮೇಲೆ ಯಾರೂ ನಾಚಿಕೊಳ್ಳಲ್ಲ.’

ಇಂಗ್ಲಿಷನ್ನು ತೊಟ್ಟಿಲಲ್ಲೇ ಕಲಿತವರಿಗೆ ಈ ಕನ್ನಡಿಯ ಉಪಾಯ ಹೊಳೆಯುವುದು ಕಷ್ಟ ಎಂದು ಅಲ್ಲೇ ಅನ್ನಿಸಿತು. ಆ ಸದ್ದನ್ನು ಅವರು ಎಂದೂ ಹುಡುಕಿಕೊಂಡು ಹೋದವರಲ್ಲ. ಕಷ್ಟಪಟ್ಟು ಹುಡುಕಿದವರಿಗೆ ದಾರಿ ನೆನಪಿರುತ್ತದೆ. ಕನ್ನಡಿಗರಿಗೆ ಇನ್ನೊಂದು ಅನುಕೂಲವೂ ಇದೆ. ನಾವು ಬಸ್ಸು, ನೋಟು, ಬೆಂಚು ಎಂದು ಕೊನೆಗೊಂದು ಸ್ವರ ಸೇರಿಸುವ ಹಾಗೆಯೇ ಜಪಾನೀಯರು ಬಸು, ನೋಟೊ, ಬೆಂಚಿ ಎನ್ನುತ್ತಾರೆ. ಮಗು ಎಲ್ಲಿ ಎಡವುತ್ತದೆ ಎಂಬುದು ತಿಪಟೂರಿನವರಿಗೆ ಮೊದಲೇ ಗೊತ್ತು.

ನಾನು ನಾಗಸಾಕಿಗೆ ಹೋದದ್ದು ಡಚ್ಚರ ಹಳೆಯ ನೆಲೆಯಾದ ದೆಜಿಮಾ ನೋಡಲು. ಈ ಮೇಡಂ ಅಲ್ಲಿದ್ದಾರೆಂದು ಬೆಂಗಳೂರಿನ ಪರಿಚಿತರು ಹೇಳಿದ್ದರು. ಮಕ್ಕಳ ಚಿತ್ರ ತೆಗೆಯಬಾರದು, ಶಾಲೆಯ ಹೆಸರು ಬರೆಯಬಾರದು ಎಂಬ ಕರಾರಿನ ಮೇಲೆ ಮುಖ್ಯೋಪಾಧ್ಯಾಯರು ಒಳಗೆ ಬಿಟ್ಟರು. ಶಾಲೆ ಇರುವುದು ಗುಡ್ಡದ ಮೇಲೆ. ನಾಗಸಾಕಿಯಲ್ಲಿ ಏನಿದ್ದರೂ ಗುಡ್ಡದ ಮೇಲೆಯೇ. ಟ್ರಾಮ್ ಇಳಿದು ಮೆಟ್ಟಿಲು ಹತ್ತಬೇಕು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗಿನ ಸ್ಲಿಪ್ಪರ್ ಮೆಟ್ಟಬೇಕು. 45 ನಿಮಿಷದ ಪೀರಿಯಡ್ಡು. ತರಗತಿಯ ಹೊಣೆ ಕ್ಲಾಸ್ ಟೀಚರದ್ದು, ನಮ್ಮ ಮೇಡಂ ಅವರಿಗೆ ಸಹಾಯಕರು. ಈ ಹುದ್ದೆಯನ್ನು ಅಲ್ಲಿ ಎ.ಎಲ್.ಟಿ. ಎನ್ನುತ್ತಾರೆ. ಮಧ್ಯಾಹ್ನ ಬಿಳಿ ಟೋಪಿ, ಬಿಳಿ ಅಂಗಿ ತೊಟ್ಟ ಮಕ್ಕಳೇ ಊಟ ಬಡಿಸಿದರು. ಮೇಡಂ ಸಸ್ಯಾಹಾರಿ, ಮನೆಯಿಂದ ಡಬ್ಬಿ ತರಲು ಶಾಲೆ ಒಪ್ಪಿದೆ. ಡಬ್ಬಿಯಲ್ಲಿ ಚಿತ್ರಾನ್ನ. ಪಕ್ಕದಲ್ಲಿದ್ದ ಹುಡುಗನೊಬ್ಬ ಅದರ ಬಣ್ಣವನ್ನು ಇಂಗ್ಲಿಷಿನಲ್ಲಿ ಹೇಳಿದ, ತಾನಾಗಿಯೇ. ಪಾಠಕ್ಕಿಂತ ಆ ಕ್ಷಣವೇ ನನಗೆ ಹೆಚ್ಚು ಖುಷಿ ಕೊಟ್ಟಿತು.

ಅವರು ಜಪಾನಿಗೆ ಬಂದದ್ದು ಕೆಲಸ ಹುಡುಕಿಕೊಂಡಲ್ಲ. ಗಂಡನಿಗೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ, ಇವರಿಗೆ ಅವಲಂಬಿತರ ವೀಸಾ. ಆ ವೀಸಾದಲ್ಲಿ ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ದುಡಿಯಬಹುದು. ಊರಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಖಾಸಗಿ ಹೈಸ್ಕೂಲಿನಲ್ಲಿ ಪಾಠ ಮಾಡಿದ್ದವರು. ಸುಮ್ಮನೆ ಕೂರಲಾಗದೆ ಅರ್ಜಿ ಹಾಕತೊಡಗಿದರು. ಒಂದಾದ ಮೇಲೊಂದು ಜಾಹೀರಾತಿನಲ್ಲೂ ‘ನೇಟಿವ್ ಸ್ಪೀಕರ್ ಮಾತ್ರ’. ಒಂದು ಕಡೆ ಫೋನಿನಲ್ಲಿ ಸಂದರ್ಶನ ಚೆನ್ನಾಗಿಯೇ ಸಾಗಿತ್ತು. ಯಾವ ದೇಶ ಎಂದರು, ಇಂಡಿಯಾ ಎಂದರು ಇವರು, ಮತ್ತೆ ತಿಳಿಸುತ್ತೇವೆ ಎಂದರು ಅವರು. ತಿಳಿಸಲಿಲ್ಲ. ‘ಅಲ್ಲೀತನಕ ನನ್ನ ಇಂಗ್ಲಿಷ್ ಚೆನ್ನಾಗಿತ್ತಲ್ಲ ಅಕ್ಕ?’ ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. ನನಗಿತ್ತು, ಈಗಲೂ ಇದೆ.

ಆಮೇಲೆ ಬಾಗಿಲು ತೆರೆದದ್ದು ಒಂದು ಸಂಖ್ಯೆ: 12.

ಜಪಾನಿನ ಶಾಲೆಗಳಲ್ಲಿ ವಿದೇಶಿ ಭಾಷೆ ಕಲಿಸಲು ಬರುವವರಿಗೆ ಕೊಡುವ ‘ಶಿಕ್ಷಕ’ ವೀಸಾದ ನಿಯಮದಲ್ಲಿ ಮಾತೃಭಾಷೆಯ ಮಾತೇ ಇಲ್ಲ, ಪಾಸ್‌ಪೋರ್ಟಿನ ಬಣ್ಣದ ಮಾತೂ ಇಲ್ಲ. ಕಲಿಸುವ ಭಾಷೆಯ ಮಾಧ್ಯಮದಲ್ಲಿ 12 ವರ್ಷ ಅಥವಾ ಅದಕ್ಕಿಂತ ಹೆಚ್ಚು ಓದಿರಬೇಕು ಎಂದಿದೆ. ಮೇಡಂ ನಾಲ್ಕನೇ ತರಗತಿವರೆಗೆ ಕನ್ನಡ ಮಾಧ್ಯಮ. ಐದರಿಂದ ಹತ್ತು ಇಂಗ್ಲಿಷ್ ಮಾಧ್ಯಮ, ಅದು 6. ಪಿಯುಸಿ 2, ಬಿ.ಎ. 3, ಎಂ.ಎ. 2. ಒಟ್ಟು 13. ಒಂದೇ ವರ್ಷದ ಅಂತರದಲ್ಲಿ ಗೆದ್ದರು. ಏಳನೆಯವರೆಗೆ ಕನ್ನಡದಲ್ಲಿ ಓದಿ ಎಂಟರಿಂದ ಬದಲಾಯಿಸಿದ್ದರೆ ಎಂ.ಎ.ವರೆಗೆ 10 ವರ್ಷ ಮಾತ್ರ ಆಗುತ್ತಿತ್ತು, ಮೇಲೆ ಎರಡು ವರ್ಷದ ಬಿ.ಇಡಿ. ಬೇಕಾಗುತ್ತಿತ್ತು. ಎಸ್ಸೆಸ್ಸೆಲ್ಸಿವರೆಗೂ ಕನ್ನಡದಲ್ಲೇ ಓದಿ ಎಂಜಿನಿಯರಿಂಗ್ ಮುಗಿಸಿದವರ ಲೆಕ್ಕ ಆರಕ್ಕೆ ನಿಲ್ಲುತ್ತದೆ, ಅವರು ಎಷ್ಟೇ ಸೊಗಸಾಗಿ ಮಾತನಾಡಲಿ. ಸರ್ಕಾರಿ ಕೆಲಸದ ಮೀಸಲಾತಿಗೆ ಕನ್ನಡ ಮಾಧ್ಯಮದ ಪ್ರಮಾಣಪತ್ರ ಹಿಡಿದು ಓಡಾಡಿದವರು ನಮ್ಮಲ್ಲಿ ಎಷ್ಟು ಜನ! ಇಂಗ್ಲಿಷ್ ಮಾಧ್ಯಮಕ್ಕೂ ಅಂಥದೇ ಕಾಗದವನ್ನು ಸಮುದ್ರದಾಚೆಯ ಕಚೇರಿಯೊಂದು ಕೇಳುತ್ತದೆಂದು ನಾನು ಅಂದುಕೊಂಡಿರಲಿಲ್ಲ. ತಿಪಟೂರಿನ ಶಾಲೆಯ ಹಳೇ ದಾಖಲಾತಿ ಪುಸ್ತಕ ತೆಗೆಸಿ, ಲೆಟರ್‌ಹೆಡ್ಡಿನ ಮೇಲೆ ಬರೆಸಿ, ಸೀಲು ಹಾಕಿಸಿ ಕಳಿಸಿದವರು ಮೇಡಂ ಅವರ ಅಪ್ಪ. ಅದರ ಜೊತೆಗೆ ಜಪಾನೀ ಅನುವಾದ.

ಖಾಸಗಿ ಸಂಭಾಷಣಾ ಶಾಲೆಗಳು, ಅಲ್ಲಿನವರ ಮಾತಿನಲ್ಲಿ ‘ಏಕೈವಾ’, ಬೇರೆ ವೀಸಾದ ಅಡಿ ಬರುತ್ತವೆ. ಅಲ್ಲಿ ಭಾಷೆ ಕಲಿಸಲು ಪದವಿ ಬೇಕು; 12 ವರ್ಷದ ಮಾತು ಆ ನಿಯಮದ ಅಕ್ಷರಗಳಲ್ಲಿ ಇಲ್ಲ. ಆದರೆ ನೇಟಿವ್ ಮುಖ ಬೇಕೆನ್ನುವ ಹಟ ಹೆಚ್ಚು ಇರುವುದೂ ಅಲ್ಲೇ. ದುಡ್ಡು ಕೊಟ್ಟ ಗಿರಾಕಿ ವಿದೇಶವನ್ನು ಎದುರಿಗೆ ಕೂರಿಸಿಕೊಳ್ಳಲು ಬರುತ್ತಾನೆ ಎಂಬ ನಂಬಿಕೆ ಆ ವ್ಯಾಪಾರದ ಬುನಾದಿ. ಅದರಲ್ಲಿ ಅತಿ ದೊಡ್ಡದಾಗಿದ್ದ ನೋವಾ ಕಂಪನಿ ರೈಲು ನಿಲ್ದಾಣದ ಎದುರಿಗೇ ವಿದೇಶ ವ್ಯಾಸಂಗ ಎಂದು ಪ್ರಚಾರ ಮಾಡಿ ಬೆಳೆದು, 2007ರಲ್ಲಿ ಕುಸಿದುಬಿತ್ತು. ಸಾವಿರಾರು ಶಿಕ್ಷಕರು ಬೀದಿಗೆ ಬಿದ್ದರು.

ನೇಟಿವ್ ಬೇಕೆಂಬ ಈ ಹಟಕ್ಕೆ ಇತಿಹಾಸದ ಬೆಂಬಲವಾದರೂ ಇದೆಯೇ? ದೆಜಿಮಾದಲ್ಲಿ ನಿಂತಾಗ ನನ್ನ ತಲೆಯಲ್ಲಿದ್ದದ್ದು ಇದೇ ಪ್ರಶ್ನೆ. ಬೀಸಣಿಗೆಯ ಆಕಾರದಲ್ಲಿ ಕಟ್ಟಿದ ಈ ಕೃತಕ ದ್ವೀಪದಲ್ಲಿ 1641ರಿಂದ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಡಚ್ಚರನ್ನು ಇರಿಸಲಾಗಿತ್ತು. ಯುರೋಪಿನವರಲ್ಲಿ ಜಪಾನಿನೊಡನೆ ವ್ಯಾಪಾರಕ್ಕೆ ಅಪ್ಪಣೆ ಇದ್ದದ್ದು ಅವರಿಗೆ ಮಾತ್ರ. ಈಗ ಸುತ್ತಲಿನ ಸಮುದ್ರ ತುಂಬಿ ಊರಾಗಿದೆ, ಹಳೆಯ ಮನೆಗಳನ್ನು ಮತ್ತೆ ಕಟ್ಟಿದ್ದಾರೆ.

1808ರ ಅಕ್ಟೋಬರಿನಲ್ಲಿ ಫೇಟನ್ ಎಂಬ ಇಂಗ್ಲಿಷ್ ಯುದ್ಧನೌಕೆ ಡಚ್ ಬಾವುಟ ಹಾರಿಸಿಕೊಂಡು ನಾಗಸಾಕಿಯ ಬಂದರಿಗೆ ನುಗ್ಗಿತು. ಸ್ವಾಗತಿಸಲು ಹೋದ ಡಚ್ಚರನ್ನು ಒತ್ತೆಯಿಟ್ಟುಕೊಂಡು ನೀರು, ಆಹಾರ ಕೇಳಿ ಪಡೆದು ಹೊರಟುಹೋಯಿತು. ತಡೆಯಲಾಗದ ಅವಮಾನಕ್ಕೆ ನಾಗಸಾಕಿಯ ಅಧಿಕಾರಿ ಮಾತ್ಸುದೈರಾ ಯಾಸುಹಿದೆ ಪ್ರಾಣ ಕಳೆದುಕೊಂಡ. ಈ ಶತ್ರುವಿನ ಭಾಷೆ ನಮ್ಮಲ್ಲಿ ಯಾರಿಗೂ ಬಾರದು ಎಂಬುದು ಶೋಗುನ್ ಆಡಳಿತಕ್ಕೆ ಆಗ ನಾಟಿತು. ಡಚ್ ದುಭಾಷಿಗಳೇ ಇಂಗ್ಲಿಷ್ ಕಲಿಯಬೇಕೆಂದು ಮರುವರ್ಷ ಆಜ್ಞೆ ಬಂತು. ಕಲಿಸುವವರು ಯಾರು? ಇಂಗ್ಲಿಷರಿಗೆ ಪ್ರವೇಶವಿಲ್ಲ. ಕಲಿಸಿದವನು ದೆಜಿಮಾದಲ್ಲಿದ್ದ ಯಾನ್ ಕೊಕ್ ಬ್ಲೊಮ್‌ಹಾಫ್ ಎಂಬ ಡಚ್ಚ. ಇಂಗ್ಲಿಷ್ ಅವನ ಮನೆಮಾತಲ್ಲ, ಕಲಿತದ್ದು.

ಅವನ ಶಿಷ್ಯರು ಸುಮ್ಮನೆ ಕೂರಲಿಲ್ಲ. ಮೊತೊಕಿ ಶೋಝಾಎಮೊನ್‌ನ ಮುಂದಾಳತ್ವದಲ್ಲಿ 1811ರಲ್ಲಿ ಒಂದು ಇಂಗ್ಲಿಷ್ ಪಾಠಪುಸ್ತಕ, 1814ರಲ್ಲಿ ‘ಅಂಗೆರಿಯಾ ಗೊರಿನ್ ತೈಸೆ’ ಎಂಬ ನಿಘಂಟು ಸಿದ್ಧಮಾಡಿದರು. ಜಪಾನಿನ ಮೊದಲ ಇಂಗ್ಲಿಷ್–ಜಪಾನೀ ನಿಘಂಟು ಅದೇ, ಸುಮಾರು 6,000 ಶಬ್ದಗಳದ್ದು. ಅದರಲ್ಲಿ ಜಪಾನೀ ಅಕ್ಷರಗಳಲ್ಲಿ ಬರೆದಿಟ್ಟ ಇಂಗ್ಲಿಷ್ ಉಚ್ಚಾರಣೆಗಳಿಗೆ ಡಚ್ ವಾಸನೆ ಇದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇರಲೇಬೇಕಲ್ಲ. ಗುರುವಿನ ನಾಲಿಗೆ ಶಿಷ್ಯನ ಪುಸ್ತಕಕ್ಕೆ ಇಳಿದಿದೆ. ಬ್ಲೊಮ್‌ಹಾಫ್ ಮುಂದೆ 1817ರಲ್ಲಿ ದೆಜಿಮಾದ ಮುಖ್ಯಸ್ಥನಾಗಿ ಮರಳಿದ. ಜೊತೆಗೆ ಹೆಂಡತಿ ಟಿಟಿಯಾಳನ್ನೂ ಕರೆತಂದ. ಹೆಂಗಸರಿಗೆ ಅಪ್ಪಣೆ ಇಲ್ಲವೆಂದು ಅದೇ ವರ್ಷ ಅವಳನ್ನು ವಾಪಸು ಕಳಿಸಿದರು. ಆ ಅಲ್ಪಕಾಲದಲ್ಲೇ ನಾಗಸಾಕಿಯ ಕಲಾವಿದರು ಅವಳ ಚಿತ್ರ ಬರೆದುಕೊಂಡರು, ಅವು ಇಂದಿಗೂ ಪ್ರಸಿದ್ಧ. ಅವಳ ಚಿತ್ರಗಳ ಮುಂದೆ ಜನ ನಿಲ್ಲುತ್ತಾರೆ. ಅವಳ ಗಂಡನ ಇಂಗ್ಲಿಷ್ ತರಗತಿಯ ಬಗ್ಗೆ ಯಾರೂ ಕೇಳುವುದಿಲ್ಲ. ಅದು ನನಗೆ ಬೇಸರದ ವಿಷಯ.

ಜಪಾನಿನ ಮೊದಲ ನೇಟಿವ್ ಶಿಕ್ಷಕ ಎಂದು ಹೆಸರಾದವನು ರನಾಲ್ಡ್ ಮ್ಯಾಕ್‌ಡೊನಾಲ್ಡ್. ಸ್ಕಾಟಿಷ್ ತಂದೆ, ಅಮೆರಿಕದ ಮೂಲನಿವಾಸಿ ಚಿನೂಕ್ ತಾಯಿ. 1848ರಲ್ಲಿ ತಿಮಿಂಗಿಲ ಬೇಟೆಯ ಹಡಗಿನಿಂದ ಬೇಕೆಂದೇ ಇಳಿದು ಉತ್ತರದ ರಿಶಿರಿ ದ್ವೀಪ ಸೇರಿದ. ಹಿಡಿದು ನಾಗಸಾಕಿಗೆ ತಂದರು. ಸೆರೆಯಲ್ಲೇ 14 ದುಭಾಷಿಗಳಿಗೆ ಇಂಗ್ಲಿಷ್ ಕಲಿಸಿದ. ಅವರಲ್ಲೊಬ್ಬ ಮೊರಿಯಾಮಾ ಏನೊಸುಕೆ, ಕೆಲವೇ ವರ್ಷಗಳಲ್ಲಿ ಅಮೆರಿಕದ ನೌಕಾಧಿಕಾರಿ ಪೆರಿಯೊಡನೆ ನಡೆದ ಮಾತುಕತೆಗೆ ದುಭಾಷಿಯಾದ. ಆದರೆ ಆ ಹೊತ್ತಿಗೆ ಬ್ಲೊಮ್‌ಹಾಫನ ತರಗತಿ ನಡೆದು ಸುಮಾರು ನಲವತ್ತು ವರ್ಷ ಆಗಿತ್ತು. ನಂತರ ಇದೇ ಊರಲ್ಲಿ, ಮುಂದೆ ಪ್ರಧಾನಿಯಾದ ಒಕುಮಾ ಶಿಗೆನೊಬುವಿಗೆ ಪಾಠ ಹೇಳಿದ ಗೈಡೊ ವರ್ಬೆಕ್ ಕೂಡ ಹುಟ್ಟಿನಿಂದ ಡಚ್ಚನೇ. 1903ರಲ್ಲಿ ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ನೇಟಿವ್ ಅಧ್ಯಾಪಕ ಲಫ್ಕಾಡಿಯೊ ಹರ್ನ್ ಬಿಟ್ಟ ಜಾಗಕ್ಕೆ ಬಂದವರು ಜಪಾನೀಯರೇ ಆದ ನಾತ್ಸುಮೆ ಸೋಸೆಕಿ. ವಿದ್ಯಾರ್ಥಿಗಳಿಗೆ ಅದು ರುಚಿಸಲಿಲ್ಲ. ನೇಟಿವ್ ಬೇಕೆಂಬ ಹಂಬಲ ಅಷ್ಟು ಹಳೆಯದು, ನೇಟಿವ್ ಅಲ್ಲದ ಗುರುಗಳು ಅದಕ್ಕಿಂತ ಹಳಬರು.

ವಿದೇಶಿಯರನ್ನು ಶಾಲೆಗಳಿಗೆ ಕರೆತರುವ ಜೆಟ್ ಯೋಜನೆಯನ್ನು ಜಪಾನ್ ಸರ್ಕಾರ ಶುರುಮಾಡಿದ್ದು 1987ರಲ್ಲಿ. ಆ ವರ್ಷ ಬಂದ 848 ಮಂದಿಯೂ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಂಬ ನಾಲ್ಕೇ ದೇಶದವರು. ಈಗ ಪಟ್ಟಿ ತುಂಬಾ ಉದ್ದ. 2020ರಿಂದ ಐದು, ಆರನೇ ತರಗತಿಗೆ ಇಂಗ್ಲಿಷ್ ಪೂರ್ಣ ವಿಷಯವಾಗಿದೆ, ಮೂರು ಮತ್ತು ನಾಲ್ಕಕ್ಕೆ ಚಟುವಟಿಕೆಯಾಗಿ ಬಂದಿದೆ. ಗುಡ್ಡದ ಮೇಲಿನ ಶಾಲೆಗೂ ಶಿಕ್ಷಕರು ಬೇಕು. ಆ ಜಾಗಗಳಲ್ಲಿ ಫಿಲಿಪೀನ್ಸಿನ ಶಿಕ್ಷಕರು ತುಂಬಿಕೊಳ್ಳುತ್ತಿದ್ದಾರೆ. ಅವರ ಪರಿಶ್ರಮ ನಮ್ಮವರಿಗೂ ದಾರಿ ಮಾಡಿದೆ ಎಂಬುದು ಮೇಡಂ ಅವರ ಅಭಿಪ್ರಾಯ. ನನ್ನದೂ ಅದೇ.

ಕಷ್ಟದ ಮಾತನ್ನೂ ಹೇಳಬೇಕು. ಅನೇಕ ನಗರಸಭೆಗಳು ಶಿಕ್ಷಕರನ್ನು ನೇರವಾಗಿ ನೇಮಿಸದೆ ಕಂಪನಿಗಳ ಮೂಲಕ ಪಡೆಯುತ್ತವೆ. ಮೇಡಂ ಅವರ ಕರಾರು ಒಂದು ವರ್ಷದ್ದು, ಪ್ರತಿ ಮಾರ್ಚಿನಲ್ಲೂ ಮುಗಿಯುತ್ತದೆ. ಕಾಗದದ ಮೇಲೆ ವಾರಕ್ಕೆ 29.5 ಗಂಟೆ ಕೆಲಸ. ಇದು, 30 ಮುಟ್ಟಿದರೆ ಸಾಮಾಜಿಕ ವಿಮೆಯ ಪಾಲು ಕಂಪನಿಯ ತಲೆಗೆ ಬರುತ್ತಿದ್ದ ಕಾಲದ ಹಳೆಯ ಎಣಿಕೆ, ಈ ಉದ್ಯಮದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆಗಸ್ಟಿನಲ್ಲಿ ಶಾಲೆಗೆ ರಜೆ, ಆ ತಿಂಗಳು ಸಂಬಳವೂ ಅರೆಬರೆ. ‘ಮಕ್ಕಳು ನನ್ನನ್ನ ಸೆನ್ಸೇ, ಅಂದ್ರೆ ಗುರು, ಅಂತಾರೆ, ಕಂಪನಿ ಕಣ್ಣಿಗೆ ನಾನು ಗಂಟೆ ಲೆಕ್ಕ’ ಎಂದರು. ಇದು ಅನ್ಯಾಯ. ನೇಟಿವ್‌ಗಳಿಗೂ ಇದೇ ಗತಿ ಎಂಬುದರಿಂದ ಅದು ನ್ಯಾಯವಾಗುವುದಿಲ್ಲ.

ಟೋಕಿಯೊ ಕಡೆ ಇರುವವರಿಗೆ ಇನ್ನೊಂದು ದಾರಿಯಿದೆ. ಎದೊಗಾವಾ ವಾರ್ಡಿನ ನಿಶಿಕಸಾಯಿ ಸುತ್ತ ನಮ್ಮ ಸಾಫ್ಟ್‌ವೇರ್ ಕುಟುಂಬಗಳು ನೆಲೆಸಿದ ಮೇಲೆ 2004ರಲ್ಲಿ ಇಂಡಿಯಾ ಇಂಟರ್‌ನ್ಯಾಷನಲ್ ಸ್ಕೂಲ್, 2006ರಲ್ಲಿ ಗ್ಲೋಬಲ್ ಇಂಡಿಯನ್ ಇಂಟರ್‌ನ್ಯಾಷನಲ್ ಸ್ಕೂಲ್ ಬಂದವು. ಜಪಾನೀ ತಂದೆತಾಯಂದಿರೂ ತಮ್ಮ ಮಕ್ಕಳನ್ನು ಅಲ್ಲಿಗೆ ಸೇರಿಸುತ್ತಾರೆ, ಇಂಗ್ಲಿಷಿನಲ್ಲಿ ಗಣಿತ ಕಲಿಯಲಿ ಎಂದು. ಭಾರತದ ಶಿಕ್ಷಕಿಯ ಇಂಗ್ಲಿಷಿಗಾಗಿಯೇ ಶುಲ್ಕ ಕಟ್ಟುವ ಜಪಾನೀಯರು ಇರುವಾಗ, ‘ನೇಟಿವ್ ಮಾತ್ರ’ ಎಂದು ಬರೆಯುವವರು ತಮ್ಮ ಗಿರಾಕಿಗಳನ್ನೇ ಅರಿತಿಲ್ಲ ಎನ್ನಬೇಕು.

ಹೋಗಬೇಕೆನ್ನುವವರು ಇಷ್ಟು ಮಾಡಿ. ನಿಮ್ಮ ವರ್ಷಗಳನ್ನು ಎಣಿಸಿ. ಓದಿದ ಪ್ರತಿ ಶಾಲೆ, ಕಾಲೇಜಿನಿಂದ ಇಂಗ್ಲಿಷ್ ಮಾಧ್ಯಮದ ಪ್ರಮಾಣಪತ್ರವನ್ನು ಈಗಲೇ ಬರೆಸಿಕೊಳ್ಳಿ. ಶಾಲೆಗಳು ಮುಚ್ಚುತ್ತವೆ, ದಾಖಲೆಗಳು ಕಳೆಯುತ್ತವೆ. ಜುಲೈ ಅಥವಾ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ನಡೆಯುವ ಜಪಾನೀ ಭಾಷಾ ಪರೀಕ್ಷೆ ಜೆಎಲ್‌ಪಿಟಿಯ ಎನ್5 ಹಂತ, ಆದರೆ ಎನ್4 ಬರೆಯಿರಿ. ಕನ್ನಡಿ ಹಿಡಿದು ಮಗುವಿಗೆ ಧೈರ್ಯ ಹೇಳಲು ಅಷ್ಟಾದರೂ ಜಪಾನೀ ಬೇಕು. ಕೆಲಸ ಕೊಟ್ಟವರು ಅಲ್ಲಿನ ವಲಸೆ ಇಲಾಖೆಯಿಂದ ಅರ್ಹತಾ ಪತ್ರ ಪಡೆದು ಕಳಿಸಬೇಕು. ಅದಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ವೀಸಾ ಅರ್ಜಿ ಆಮೇಲೆ. ಜಪಾನಿನ ಶಾಲೆಗಳು ಆರಂಭವಾಗುವುದು ಏಪ್ರಿಲಿನಲ್ಲಿ. ಹಾಗಾಗಿ ದಸರೆಯ ಹೊತ್ತಿಗೆ ನಿಮ್ಮ ಅರ್ಜಿಗಳು ಹೊರಟಿರಲಿ.