ಅಗತ್ತಿಗೆ ಹಾರುವ ಮುನ್ನ: ನಮ್ಮ ಕಡೆ ಕೇಳಿಬರುವ ಮಾತುಗಳು ಮತ್ತು ವಾಸ್ತವ

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿಬಂದ ಚಿತ್ರಗಳು ಊರೂರಿನ ಮೊಬೈಲುಗಳಲ್ಲಿ ಓಡಾಡಿದವು. ಅಂದಿನಿಂದ ಚಿಕ್ಕಬಳ್ಳಾಪುರದಲ್ಲೂ ಚಿಂತಾಮಣಿಯಲ್ಲೂ ಟ್ರಾವೆಲ್ಸ್ ಅಂಗಡಿಗೆ ಹೋದವರೆಲ್ಲ ಒಮ್ಮೆಯಾದರೂ ಆ ಹೆಸರು ಎತ್ತುತ್ತಾರೆ. ಜೊತೆಗೆ ಅರ್ಧ ನಿಜ, ಅರ್ಧ ಕೇಳಿದ್ದು. ಜನ ವಿಮಾನದ ಬಗ್ಗೆ ಯೋಚಿಸುವಷ್ಟು ಕಾಗದಪತ್ರದ ಬಗ್ಗೆ, ಕಡಲಿನ ಬಗ್ಗೆ ಯೋಚಿಸುವುದಿಲ್ಲ. ಈ ಪ್ರಯಾಣದಲ್ಲಿ ಸುಲಭದ ಭಾಗ ಯಾವುದಾದರೂ ಇದ್ದರೆ ಅದು ವಿಮಾನವೇ.

ತಪ್ಪು ಕಲ್ಪನೆ: ಮೊದಲು ಕೊಚ್ಚಿಗೆ ಹೋಗಲೇಬೇಕು.

ಹಡಗು ಹತ್ತುವ ಹೆಚ್ಚಿನವರಿಗೆ ಇದು ಇಂದಿಗೂ ನಿಜ. ಆದರೆ 2024ರ ಮಾರ್ಚ್ 31ರಂದು ಇಂಡಿಗೋ ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿ ದ್ವೀಪಕ್ಕೆ ನೇರ ವಿಮಾನ ಆರಂಭಿಸಿತು. ಅಂದರೆ ಹೊರಡುವ ಜಾಗ ನಮ್ಮ ಪಕ್ಕದ ದೇವನಹಳ್ಳಿ. ಶಿಡ್ಲಘಟ್ಟದವರು ವಿಜಯಪುರದ ಮೇಲೆ, ಗೌರಿಬಿದನೂರಿನವರು ದೊಡ್ಡಬಳ್ಳಾಪುರದ ಮೇಲೆ ಬಂದರೆ ಬೆಂಗಳೂರಿನ ಟ್ರಾಫಿಕ್ಕಿನ ಮುಖವನ್ನೂ ನೋಡಬೇಕಿಲ್ಲ. ದೇವನಹಳ್ಳಿಯಿಂದ ದ್ವೀಪಕ್ಕೆ ನೇರ ಲೆಕ್ಕದಲ್ಲಿ ಸುಮಾರು 650 ಕಿ.ಮೀ. ವೇಳಾಪಟ್ಟಿ ಆಗಾಗ ಬದಲಾಗುತ್ತದೆ. ನೆಂಟರ ಮಾತು ನಂಬಿ ರಜೆ ಹಾಕಬೇಡಿ.

ತಪ್ಪು ಕಲ್ಪನೆ: ರೆಕ್ಕೆಗೆ ಫ್ಯಾನ್ ಇರುವ ವಿಮಾನ ಹಳೇ ಕಾಲದ್ದು, ಕಡಲ ಮೇಲೆ ಅಪಾಯ.

ಆ ವಿಮಾನದ ಹೆಸರು ಎಟಿಆರ್ 72. ಹೊರಗೆ ತಿರುಗುವುದು ಪ್ರೊಪೆಲ್ಲರ್, ಅದನ್ನು ತಿರುಗಿಸುವುದು ಒಳಗಿರುವ ಗ್ಯಾಸ್ ಟರ್ಬೈನ್. ಎಂಜಿನ್ ಎರಡಿವೆ. ಒಂದು ನಿಂತರೂ ಇನ್ನೊಂದರ ಬಲದಲ್ಲಿ ಹಾರಿ ಇಳಿಯುವಂತೆ ಅದನ್ನು ಕಟ್ಟಿರುತ್ತಾರೆ. ಸಣ್ಣ ವಿಮಾನ ಕಳಿಸುವುದು ದುಡ್ಡು ಉಳಿಸಲು ಅಲ್ಲ, ರನ್‌ವೇಗಾಗಿ. ದೇವನಹಳ್ಳಿಯ ರನ್‌ವೇ 4000 ಮೀಟರ್. ಅಗತ್ತಿಯದು ಸುಮಾರು 1200 ಮೀಟರ್, ಅದೂ ದ್ವೀಪದ ದಕ್ಷಿಣದ ತುದಿಯಲ್ಲಿ, ಎರಡೂ ಮಗ್ಗುಲಲ್ಲಿ ನೀರು. ಅಲ್ಲಿ ದೊಡ್ಡ ಜೆಟ್ ಇಳಿಯಲಾಗದು. 1988ರಲ್ಲಿ ಈ ನಿಲ್ದಾಣ ಶುರುವಾದದ್ದೇ 19 ಸೀಟಿನ ಡಾರ್ನಿಯರ್ ವಿಮಾನಕ್ಕಾಗಿ. ರನ್‌ವೇ ಗಿಡ್ಡವಾದಷ್ಟೂ ವಿಮಾನದ ತೂಕಕ್ಕೆ ಬಿಗಿ ಹೆಚ್ಚು, ಹಾಗಾಗಿ ಲಗೇಜಿನ ಮಿತಿ ಮೊದಲೇ ಕೇಳಿಕೊಳ್ಳಿ. ಚಕ್ಕುಲಿ, ನಿಪ್ಪಟ್ಟಿನ ಡಬ್ಬಗಳನ್ನೂ ತೂಕದ ಲೆಕ್ಕಕ್ಕೆ ಸೇರಿಸಿ.

ಇನ್ನೊಂದು ಲಾಭ ಹೆಚ್ಚಿನವರಿಗೆ ಗೊತ್ತಿಲ್ಲ. ಎಟಿಆರ್‌ನ ರೆಕ್ಕೆ ಕಿಟಕಿಗಿಂತ ಮೇಲಿದೆ, ಹಾರುವ ಎತ್ತರವೂ ಜೆಟ್‌ಗಿಂತ ಕಡಿಮೆ. ಕೆಳಗಿನ ತಿಳಿಹಸಿರು ಲಗೂನು, ಅದರ ಸುತ್ತ ಅಲೆ ಒಡೆಯುವ ಬಿಳಿ ಗೆರೆ, ಆಚೆಗಿನ ಕಡುನೀಲಿ, ಯಾವುದಕ್ಕೂ ರೆಕ್ಕೆ ಅಡ್ಡ ಬರುವುದಿಲ್ಲ. ಸಾಲಿಗೆ ಎರಡೆರಡೇ ಸೀಟು, ನಡುವೆ ಸಿಕ್ಕಿಕೊಳ್ಳುವ ಕಾಟವಿಲ್ಲ.

ತಪ್ಪು ಕಲ್ಪನೆ: ಮಾಲ್ಡೀವ್ಸ್ ತರಹ ನೀರಿನ ಮೇಲೇ ಇಳಿಯುತ್ತದೆ.

ಇಲ್ಲ. ಇದು ಚಕ್ರದ ವಿಮಾನ, ಇಳಿಯುವುದು ಡಾಂಬರಿನ ಮೇಲೆ.

ತಪ್ಪು ಕಲ್ಪನೆ: ನಮ್ಮ ದೇಶದ್ದೇ ತಾನೆ, ಆಧಾರ್ ಸಾಕು.

ಹೆಚ್ಚು ಜನ ಎಡವುವುದು ಇಲ್ಲೇ. 1967ರ ನಿಯಮದಂತೆ ದ್ವೀಪದವರಲ್ಲದ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಟಿಕೆಟ್ ಕೈಯಲ್ಲಿದ್ದು ಪರವಾನಗಿ ಇಲ್ಲದಿದ್ದರೆ ದುಡ್ಡು ಹೋದ ಹಾಗೆ. ಆದ್ದರಿಂದ ಮೊದಲು ಪರವಾನಗಿಯ ದಾರಿ ನೋಡಿ, ಆಮೇಲೆ ವಿಮಾನ. ಯಾವ ಯಾವ ದ್ವೀಪಕ್ಕೆ ಅನುಮತಿ ಇದೆಯೆಂದು ಓದಿಕೊಳ್ಳಿ. ಒಟ್ಟು 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಎಲ್ಲ ಸೇರಿದರೂ ನೆಲ 32 ಚದರ ಕಿ.ಮೀ. ಅಷ್ಟೆ. ಲೆಕ್ಕವಿಲ್ಲದೆ ಜನ ಬಂದಿಳಿದರೆ ತಡೆದುಕೊಳ್ಳುವ ಜಾಗವಲ್ಲ ಅದು.

ತಪ್ಪು ಕಲ್ಪನೆ: ನೀರಿಗೇನು, ಬೋರ್ ಹಾಕಿದರಾಯಿತು.

ಸಾವಿರ ಅಡಿ ದಾಟಿ ಕೊರೆಸುವ ನಮ್ಮ ಜಿಲ್ಲೆಯವರಿಗೆ ಸಹಜವಾಗಿ ಬರುವ ಮಾತು. ಅಲ್ಲಿ ಲೆಕ್ಕ ತಿರುವುಮುರುವು. ಹವಳದ ಮರಳಿನಲ್ಲಿ ಇಂಗಿದ ಮಳೆನೀರು ಸಮುದ್ರದ ಉಪ್ಪುನೀರಿಗಿಂತ ಹಗುರ, ಅದರ ಮೇಲೆ ತೆಳು ಪದರವಾಗಿ ತೇಲುತ್ತಿರುತ್ತದೆ. ಆಳಕ್ಕೆ ಕೊರೆದರೆ ಸಿಗುವುದು ಉಪ್ಪುನೀರು. ಮೇಲಿನದನ್ನೇ ಮೋಟಾರ್ ಹಚ್ಚಿ ಎಳೆದರೂ ಕೆಳಗಿನ ಉಪ್ಪು ಮೇಲೇರಿ ಬಾವಿ ಕೆಡುತ್ತದೆ. ಅದಕ್ಕೇ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿ ದ್ವೀಪದಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರಿನ ಘಟಕ ಹಾಕಿತು. ಬೆಚ್ಚಗಿನ ಮೇಲ್ನೀರನ್ನು ಗಾಳಿ ತೆಗೆದ ತೊಟ್ಟಿಯಲ್ಲಿ ಆವಿಯಾಗಿಸಿ, ಸುಮಾರು 350 ಮೀಟರ್ ಆಳದಿಂದ ತಂದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ವಿಧಾನ. ಕೋಣೆಯಲ್ಲಿ ನಲ್ಲಿ ತಿರುಗಿಸುವಾಗ ಇದು ನೆನಪಿರಲಿ.

ತಪ್ಪು ಕಲ್ಪನೆ: ನಮಗೂ ಆ ದ್ವೀಪಗಳಿಗೂ ಸಂಬಂಧವೇ ಇಲ್ಲ.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಅಮಿನಿ ಗುಂಪಿನ ದ್ವೀಪಗಳನ್ನು ಕಣ್ಣೂರಿನ ಅರಕ್ಕಲ್ ಮನೆತನದಿಂದ ತನ್ನ ಆಳ್ವಿಕೆಗೆ ತಂದುಕೊಂಡಿದ್ದ. 1799ರಲ್ಲಿ ಟಿಪ್ಪು ಮಡಿದ ನಂತರ ಅವು ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿ ಮಂಗಳೂರಿನಿಂದ ಆಡಳಿತ ಕಂಡವು. ದ್ವೀಪದ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಬದಲಿಗೆ ಅಕ್ಕಿ ಹೋಗುತ್ತಿತ್ತು. ದಕ್ಷಿಣ ಕನ್ನಡ ಜಿಲ್ಲೆಯಿಂದ ಅವು ಬೇರೆಯಾಗಿ ಕೇಂದ್ರಾಡಳಿತ ಪ್ರದೇಶಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವ ಆಚರಿಸುವ ಅದೇ ದಿನ. ಅಗತ್ತಿಯಾದರೋ ಮಲಬಾರಿನ ಕಡೆಗಿತ್ತು.

ತಪ್ಪು ಕಲ್ಪನೆ: ವಿಮಾನ ಇಳಿದರೆ ಮುಗಿಯಿತು.

ಬಂಗಾರಂ ದ್ವೀಪಕ್ಕೋ ಕವರತ್ತಿಗೋ ಹೋಗುವವರಿಗೆ ಅಗತ್ತಿಯಿಂದ ಮುಂದೆ ದೋಣಿ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಗಾಳಿಯಲ್ಲಿ ದೋಣಿಯವರು ಬೇಡವೆಂದರೆ ಬೇಡ, ವಾದ ನಡೆಯದು. ಹಿಂತಿರುಗುವ ವಿಮಾನದ ಹಿಂದಿನ ದಿನವೇ ಅಗತ್ತಿಗೆ ಬಂದಿರುವುದು ಜಾಣತನ. ಮದ್ಯಕ್ಕೆ ಬಂಗಾರಂ ಬಿಟ್ಟರೆ ಉಳಿದೆಡೆ ನಿಷೇಧ. ಸಸ್ಯಾಹಾರಿಗಳಿಗೆ ಒಂದು ಮಾತು: ತರಕಾರಿ ಬರುವುದು ಮುಖ್ಯಭೂಮಿಯಿಂದ, ಹಡಗಿನಲ್ಲಿ. ಸೊಪ್ಪಿನ ಸಾರು, ಮುದ್ದೆ ಬೇಕೆಂದು ಹಟ ಹಿಡಿಯಬೇಡಿ. ದಡದಲ್ಲಿ ಬಿದ್ದ ಹವಳದ ತುಂಡನ್ನು, ಸತ್ತದ್ದೇ ಆಗಿರಲಿ, ಮನೆಯ ಷೋಕೇಸಿಗೆಂದು ಚೀಲಕ್ಕೆ ಹಾಕಿಕೊಳ್ಳುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.