ಸ್ನ್ಯಾಪ್‌ಶಾಟ್ ಡಿಲೀಟ್ ಆಗ್ತಿಲ್ವಾ? ಮೊದಲು ಎರರ್ ಓದಿ

ಲಿನಕ್ಸ್ ಬಳಸೋರಿಗೆ ಒಂದಲ್ಲ ಒಂದು ದಿನ ಎದುರಾಗೋ ತಲೆನೋವು ಇದು. ಡಿಸ್ಕ್ ತುಂಬಿರುತ್ತೆ, ಹಳೇ ಸ್ನ್ಯಾಪ್‌ಶಾಟ್ ಅಳಿಸೋಕೆ ಹೋಗ್ತೀರಿ, ಜಪ್ಪಯ್ಯ ಅಂದ್ರೂ ಅದು ಹೋಗಲ್ಲ.

ನಾನು ಹೇಳ್ತಿರೋದು ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಬಗ್ಗೆ. 2009ರಿಂದ ಇದು ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಇಲ್ಲಿ ಸ್ನ್ಯಾಪ್‌ಶಾಟ್ ಅಂದ್ರೆ ಪೂರ್ತಿ ನಕಲು ಅಲ್ಲ. ಮೂಲದ ಡೇಟಾವನ್ನೇ ಹಂಚಿಕೊಳ್ಳುವ ಇನ್ನೊಂದು ಸಬ್‌ವಾಲ್ಯೂಮ್. ಮೂಲ ಫೈಲ್ ಬದಲಾದ ಹಾಗೆ ಹಳೇ ಡೇಟಾ ಸ್ನ್ಯಾಪ್‌ಶಾಟ್ ಪಾಲಿಗೆ ಉಳಿಯುತ್ತೆ. ಅದಕ್ಕೇ ದಿನ ಕಳೆದಂತೆ ಜಾಗ ತಿನ್ನುತ್ತೆ.

ಮೊದಲ ಸಲ ನಾನು ಮಾಡಿದ್ದು ದೊಡ್ಡ ಪೆದ್ದುತನ. ರೂಟ್ ಆಗಿ ಆರ್‌ಎಮ್ ಮೈನಸ್ ಆರ್‌ಎಫ್ ಹೊಡೆದೆ. ಪರದೆ ತುಂಬಾ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’. ಡಿಸ್ಕೇ ಹೋಯ್ತು ಅಂತ ಬೆವತುಬಿಟ್ಟೆ. ಏನೂ ಆಗಿರಲಿಲ್ಲ. ಆ ಸ್ನ್ಯಾಪ್‌ಶಾಟ್ ಓದೋಕಷ್ಟೇ ಇದ್ದದ್ದು, ಒಳಗಿನ ಫೈಲ್‌ಗಳನ್ನ ಒಂದೊಂದಾಗಿ ಅಳಿಸೋಕೆ ಬರಲ್ಲ. ‘ಬಿಟಿಆರ್‌ಎಫ್‌ಎಸ್ ಸಬ್‌ವಾಲ್ಯೂಮ್ ಡಿಲೀಟ್’ ಕೊಟ್ಟು ಇಡಿಯಾಗಿ ತೆಗೀಬೇಕು. ಸ್ನ್ಯಾಪರ್ ಮಾಡಿದ್ದಾದ್ರೆ ‘ಸ್ನ್ಯಾಪರ್ ಡಿಲೀಟ್’ ಅಂತ ಹೇಳಿ ಅದರ ನಂಬರ್ ಕೊಡಿ.

‘ಡೈರೆಕ್ಟರಿ ನಾಟ್ ಎಂಪ್ಟಿ’ ಅಂತ ಬಂದ್ರೆ? ಒಳಗೆ ಇನ್ನೊಂದು ಸಬ್‌ವಾಲ್ಯೂಮ್ ಕೂತಿರುತ್ತೆ. ಬರೆಯೋಕೆ ಬರೋ ಸ್ನ್ಯಾಪ್‌ಶಾಟ್ ಒಳಗೆ ಕಂಟೇನರ್ ಸಾಫ್ಟ್‌ವೇರ್‌ಗಳು ಹೀಗೆ ಮಾಡಿರಬಹುದು. ‘ಸಬ್‌ವಾಲ್ಯೂಮ್ ಲಿಸ್ಟ್’ ನೋಡಿ. ಒಳಗಿನದು ಬೇಡ ಅಂತ ಖಾತ್ರಿಯಾದ್ರೆ ಮೊದಲು ಅದನ್ನ ತೆಗೀರಿ, ಆಮೇಲೆ ಹೊರಗಿನದು.

ಈಗ ನಿಜವಾದ ಅಪಾಯ. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ಮಾತ್ರ ಏನು ಮಾಡಿದ್ರೂ ಹೋಗ್ತಿರಲಿಲ್ಲ. ಆಮೇಲೆ ನೆನಪಾಯ್ತು: ಹಿಂದೆ ಒಂದು ಅಪ್‌ಡೇಟ್ ಕೆಟ್ಟಾಗ ‘ಸ್ನ್ಯಾಪರ್ ರೋಲ್‌ಬ್ಯಾಕ್’ ಮಾಡಿದ್ದೆ. ಓಪನ್‌ಸೂಸೆಯಂಥ ವ್ಯವಸ್ಥೆಯಲ್ಲಿ ರೋಲ್‌ಬ್ಯಾಕ್ ಅಂದ್ರೆ ಬರೆಯೋಕೆ ಬರೋ ಹೊಸ ಸ್ನ್ಯಾಪ್‌ಶಾಟ್ ಮಾಡಿ, ಅದನ್ನೇ ಡೀಫಾಲ್ಟ್ ಸಬ್‌ವಾಲ್ಯೂಮ್ ಮಾಡೋದು. ಅಂದ್ರೆ ನಾನು ಅಳಿಸೋಕೆ ಹೊರಟಿದ್ದು ಆಗ ಓಡ್ತಿದ್ದ ನನ್ನ ಸಿಸ್ಟಮ್ಮನ್ನೇ! ಕೂತ ಕೊಂಬೆಯನ್ನೇ ಕಡಿಯೋ ಕೆಲಸ.

ಹಾಗಾಗಿ ‘ಸ್ನ್ಯಾಪರ್ ಲಿಸ್ಟ್’ ನೋಡಿ. ನಂಬರ್ ಪಕ್ಕ ಮೈನಸ್ ಇದ್ರೆ ಈಗ ಓಡ್ತಿರೋದು ಅದೇ. ಪ್ಲಸ್ ಇದ್ರೆ ಮುಂದಿನ ಬೂಟ್‌ಗೆ ಬರೋದು. ನಕ್ಷತ್ರ ಇದ್ರೆ ಎರಡೂ ಅದೇ. ಈ ಮೂರರಲ್ಲಿ ಯಾವುದಿದ್ರೂ ಕೈ ಹಚ್ಚಬೇಡಿ. ಡೀಫಾಲ್ಟ್ ಬದಲಾಯಿಸಿ ಬಲವಂತವಾಗಿ ತೆಗೆದ್ರೆ ಮುಂದಿನ ಸಲ ಮಷೀನ್ ಬೂಟ್ ಆಗದೇ ಇರಬಹುದು.

ಕೊನೇದು. ಅಳಿಸಿದ ತಕ್ಷಣ ಜಾಗ ಬರಲಿಲ್ಲ ಅಂತ ಗಾಬರಿ ಬೇಡ. ಸಫಾಯಿ ಹಿನ್ನೆಲೆಯಲ್ಲಿ ನಡೀತಿರುತ್ತೆ. ‘ಸಬ್‌ವಾಲ್ಯೂಮ್ ಸಿಂಕ್’ ಕೊಟ್ರೆ ಅದು ಮುಗಿಯೋವರೆಗೂ ಕಾಯುತ್ತೆ.

ಕಂಪ್ಯೂಟರ್ ‘ಆಗಲ್ಲ’ ಅಂದಾಗ ಅದು ಬರೀ ಹಠ ಇರಲ್ಲ, ಕೆಲವು ಸಲ ನಮ್ಮನ್ನ ಕಾಪಾಡ್ತಿರುತ್ತೆ. ಎರರ್ ಓದಿ, ಆಮೇಲೆ ಎಂಟರ್ ಒತ್ತಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.