ಸೋಲಿಗೆ ಹೊಣೆ ಯಾರು: ಆಟಗಾರನೋ, ವ್ಯೂಹವೋ?

ಫುಟ್‌ಬಾಲ್ ತಂಡವೊಂದು ಸೋತಾಗ ನಾವು ಮೊದಲು ಹುಡುಕುವುದು ಒಬ್ಬ ಮನುಷ್ಯನನ್ನು. ಗೋಲ್‌ಕೀಪರನ ಕೈ ಜಾರಿತು, ಬ್ಯಾಕ್ ಆಡುವವನ ಕಾಲು ನಿಧಾನವಾಯಿತು ಎಂಬ ಮಾತು ಪ್ರೇಕ್ಷಕರು ಮೈದಾನ ಬಿಡುವುದಕ್ಕೆ ಮೊದಲೇ ಹುಟ್ಟಿರುತ್ತದೆ. ಆಟದ ವ್ಯೂಹವೇ ತಪ್ಪಾಗಿತ್ತೆನ್ನುವವರು ವಿರಳ; ವ್ಯೂಹವು ಕಣ್ಣಿಗೆ ಕಾಣುವ ವಸ್ತುವಲ್ಲವಷ್ಟೆ. ಈ ಚರ್ಚೆಗೆ 1953ನೆಯ ನವೆಂಬರ್ 25ರಂದು ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಇಂಗ್ಲೆಂಡ್–ಹಂಗೇರಿ ಪಂದ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅಂದಿನವರೆಗೆ ಯೂರೋಪು ಖಂಡದ ಯಾವ ತಂಡವೂ ಇಂಗ್ಲೆಂಡನ್ನು ಅದರ ಸ್ವಂತ ನೆಲದಲ್ಲಿ ಸೋಲಿಸಿರಲಿಲ್ಲ. ಹಂಗೇರಿ 6–3ರಿಂದ ಗೆದ್ದಿತು. ಮೊದಲ ಗೋಲು ಬಿದ್ದುದು ಮೊದಲನೆಯ ನಿಮಿಷದಲ್ಲಿಯೇ.

ಆಗಿನ ಇಂಗ್ಲಿಷ್ ಪದ್ಧತಿಯಲ್ಲಿ ಬೆನ್ನ ಮೇಲಿನ ಸಂಖ್ಯೆಯೇ ಆಟಗಾರನ ಸ್ಥಾನವನ್ನು ಹೇಳುತ್ತಿತ್ತು. ಎದುರಾಳಿಯ 9ನೆಯವನು ಸೆಂಟರ್ ಫಾರ್ವರ್ಡ್, ಗೋಲಿನ ಬಳಿ ಹೊಂಚುವವನು. ಅವನನ್ನು ಕಾಯುವುದು 5ನೆಯವನಾದ ಸೆಂಟರ್ ಹಾಫನ ಕರ್ತವ್ಯ. ಹಂಗೇರಿಯ 9ನೆಯವನಾದ ಹಿಡೆಗ್‌ಕುಟಿಯಾದರೋ ಗೋಲಿನ ಬಳಿ ನಿಲ್ಲದೆ ಹಿಂದೆ ಸರಿದು ಮೈದಾನದ ನಡುವೆ ಆಡಿದನು. ಇಂಗ್ಲೆಂಡಿನ ಸೆಂಟರ್ ಹಾಫ್ ಹ್ಯಾರಿ ಜಾನ್‌ಸ್ಟನ್ ಏನು ಮಾಡಬೇಕು? ಬೆನ್ನಟ್ಟಿ ಹೋದರೆ ಹಿಂದೆ ಬಾಗಿಲು ತೆರೆದಂತೆ. ಪುಷ್ಕಾಷ್, ಕೊಚಿಷ್ ಇಬ್ಬರೂ ಆ ಬಾಗಿಲಿನಲ್ಲಿ ನುಗ್ಗುವರು. ನಿಂತಲ್ಲಿಯೇ ನಿಂತರೆ ಹಿಡೆಗ್‌ಕುಟಿಗೆ ಸ್ವೇಚ್ಛೆ. ಅವನೊಬ್ಬನೇ ಅಂದು ಮೂರು ಗೋಲು ಹೊಡೆದನು. ಅರ್ಧ ಸಮಯಕ್ಕೆ 4–2 ಆಗಿದ್ದರೂ ಈ ಒಗಟಿಗೆ ಉತ್ತರ ದೊರೆಯಲಿಲ್ಲ.

ಪಂದ್ಯದ ತರುವಾಯ ನಡೆದುದನ್ನು ಗಮನಿಸಬೇಕು. ಆಗ ಇಂಗ್ಲೆಂಡ್ ತಂಡವನ್ನು ಆರಿಸುತ್ತಿದ್ದುದು ಒಂದು ಸಮಿತಿ. ವ್ಯವಸ್ಥಾಪಕ ವಿಂಟರ್‌ಬಾಟಮನಿಗೂ ಆ ಅಧಿಕಾರವಿರಲಿಲ್ಲ. ಅಂದು ಆಡಿದವರಲ್ಲಿ ಆರು ಮಂದಿ ಇಂಗ್ಲೆಂಡಿನ ಪರವಾಗಿ ಮತ್ತೆಂದೂ ಆಡಲಿಲ್ಲ. ಜಾನ್‌ಸ್ಟನ್ ಅವರಲ್ಲೊಬ್ಬ. ಆರು ತಿಂಗಳ ಬಳಿಕ, 1954ರ ಮೇ 23ರಂದು, ಬುಡಾಪೆಸ್ಟಿನಲ್ಲಿ ಮರುಪಂದ್ಯ. ಹನ್ನೊಂದರಲ್ಲಿ ಏಳು ಮಂದಿ ಬೇರೆಯವರು, ಸೆಂಟರ್ ಹಾಫನೂ ಹೊಸಬ. ವ್ಯೂಹ ಮಾತ್ರ ಹಳೆಯದೇ. ಫಲಿತಾಂಶ 7–1! ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೆಯೇ ಇಟ್ಟು ನೋಡುತ್ತಾರಂತೆ. ಆಟದ ಇತಿಹಾಸದಲ್ಲಿ ಅಂಥ ಪ್ರಯೋಗ ಇಷ್ಟು ಸ್ಪಷ್ಟವಾಗಿ ಒದಗುವುದು ಅಪರೂಪ.

ಪ್ರತಿವಾದವೂ ಉಂಟು. ಪುಷ್ಕಾಷನಂಥ ಕಾಲು ಇಲ್ಲದಿದ್ದರೆ ವ್ಯೂಹದಿಂದ ಆಗುವುದೇನು? ವೆಂಬ್ಲಿಯ ಮೂರನೆಯ ಗೋಲಿನಲ್ಲಿ ಅವನು ಚೆಂಡನ್ನು ಅಂಗಾಲಿನಿಂದ ಹಿಂದಕ್ಕೆಳೆದುಕೊಂಡನು. ಇಂಗ್ಲೆಂಡಿನ ನಾಯಕ ಬಿಲ್ಲಿ ರೈಟ್ ಬರಿಯ ಗಾಳಿಯ ಮೇಲೆ ಜಾರಿ ಹೋದನು. ಅದು ಶುದ್ಧ ಕೈಚಳಕ, ಅಲ್ಲ, ಕಾಲ್ಚಳಕ! ಒಪ್ಪುತ್ತೇನೆ. ಆದರೆ ಗೆಲುವಿನ ಕೀರ್ತಿಯಲ್ಲಿ ಪುಷ್ಕಾಷನಿಗೆ ಪಾಲಿದೆಯೆಂದ ಮಾತ್ರಕ್ಕೆ ಸೋಲಿನ ಅಪಕೀರ್ತಿಯೆಲ್ಲ ಜಾನ್‌ಸ್ಟನ್ನನ ತಲೆಗೆ ಹೇಗೆ ಬರುತ್ತದೆ? ಅವನು ಕೆಟ್ಟದಾಗಿ ಆಡಿರಬಹುದು. ಚೆನ್ನಾಗಿ ಆಡಲು ಅವನಿಗೆ ದಾರಿಯೆಲ್ಲಿತ್ತು ಎಂಬುದು ನನ್ನ ಪ್ರಶ್ನೆ. ಹೊರಬಿದ್ದ ಆ ಆರು ಮಂದಿಯಲ್ಲಿ ಇನ್ನೊಬ್ಬ, ಬ್ಯಾಕ್ ಆಟಗಾರ ಆಲ್ಫ್ ರ‍್ಯಾಮ್ಸೆ. 1966ರಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ತಂಡದ ವ್ಯವಸ್ಥಾಪಕ ಅವನೇ. ಅಂಚಿನ ಆಟಗಾರರಾದ ವಿಂಗರುಗಳನ್ನೇ ಬಿಟ್ಟು ಹೊಸ ವ್ಯೂಹ ಕಟ್ಟಿದ್ದನು.

ಇಷ್ಟು ದೂರದ ಕಥೆಯನ್ನು ಇಲ್ಲಿ ಬರೆಯಲು ಕಾರಣವಿದೆ. ಈ ವರ್ಷ ಅಂತರಕಾಲೇಜು ಪಂದ್ಯದಲ್ಲಿ ನಮ್ಮ ತಂಡ ನಾಲ್ಕು ಗೋಲುಗಳಿಂದ ಸೋತಿತು. ಹಾಸ್ಟೆಲಿನ ಊಟದ ಮನೆಯಲ್ಲಿ ಇಂದಿಗೂ ಬೈಗುಳ ತಿನ್ನುತ್ತಿರುವವನು ಎಡಬದಿಯ ಬ್ಯಾಕ್. ಕಾಲೇಜಿಗೆ ಬರುವವರೆಗೆ ಬೂಟು ಕಂಡವನಲ್ಲ, ನನ್ನ ಹಾಗೆಯೇ ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು. ಅಂದು ಅವನೆದುರಿಗೆ ಪ್ರತಿಸಲವೂ ಇಬ್ಬರು ಬರುತ್ತಿದ್ದರು. ಎರಡನೆಯವನನ್ನು ತಡೆಯುವ ಕೆಲಸವನ್ನು ಯಾರಿಗೆ ವಹಿಸಲಾಗಿತ್ತು? ಅವನಿಗೆ ಇಲ್ಲಿ ಇನ್ನೂ ಒಂದು ವರ್ಷದ ಓದಿದೆ. ಬರುವ ವರ್ಷ ತಂಡವನ್ನು ಆರಿಸುವ ಅಧ್ಯಾಪಕರೂ ಗೆಳೆಯರೂ ಅವನ ಹೆಸರನ್ನು ಹೊಡೆದುಹಾಕುವ ಮೊದಲು ಈ ಪ್ರಶ್ನೆಯನ್ನು ಒಮ್ಮೆ ಕೇಳಬೇಕೆಂದು ನನ್ನ ವಿನಂತಿ.